ಅಪ್ಪನ ತಮಟೆ, ತಮ್ಮನ ಹದಿನಾರು ಪ್ಯಾಡು

ಅವ್ವ ಸಂಘದಲ್ಲಿ 20 ಸಾವಿರ ಸಾಲ ಎತ್ತಿದ್ದು ನನಗೆ ಗೊತ್ತಾಗಿದ್ದು ತಮ್ಮ ಫೋನ್ ಮಾಡಿದಾಗ. ‘ಅಣ್ಣ, ದುಡ್ಡು ಬಂದದೆ. ಯಾವ ಬಾಕ್ಸ್ ತಗೊಳ್ಳಲಿ ಹೇಳು’ ಅಂದ. ವಾರಕ್ಕೆ 460 ರೂಪಾಯಿಯಂತೆ 50 ವಾರ ಕಂತು. ಶುಂಠಿ ಹೊಲದ ಕೂಲಿಯಲ್ಲಿ ಅವ್ವ ಕಟ್ಟಬೇಕು. ನಾನು ಮೈಸೂರಿನಲ್ಲಿ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಸುದ್ದಿ ತಿದ್ದುವವನು. ಕಂಪ್ಯೂಟರ್ ಮುಂದೆ ಕೂರುತ್ತೇನೆ ಅನ್ನುವ ಒಂದೇ ಕಾರಣಕ್ಕೆ ಕಂಪ್ಯೂಟರಿಗೆ ಸಂಬಂಧಿಸಿದ್ದೆಲ್ಲ ನನಗೆ ಗೊತ್ತಿರುತ್ತದೆ ಅಂತ ಮನೆಯಲ್ಲಿ ನಂಬಿಕೆ. ನನಗೆ ಗೊತ್ತಿದ್ದದ್ದು ನುಡಿ ತಂತ್ರಾಂಶ ಮತ್ತು ಪೇಜ್‌ಮೇಕರ್.

ನಮ್ಮೂರು ಹೆಗ್ಗಡದೇವನಕೋಟೆ ರಸ್ತೆಯಲ್ಲಿ ಹಂಪಾಪುರದಿಂದ ಒಳಗೆ ಹೋಗಬೇಕು. ಅಪ್ಪ ತಮಟೆ ಬಡಿಯುತ್ತಾನೆ. ಅವನಪ್ಪನೂ ಬಡಿಯುತ್ತಿದ್ದ. ಮಾರಿಹಬ್ಬ, ಮದುವೆ, ಸಾವು, ಯಾವುದಾದರೂ ಕರೆ ಬರುವುದು ನಮ್ಮ ಕೇರಿಗೇ. ಹಬ್ಬದ ದಿನ ಗುಡಿ ಮುಂದೆ ನಿಂತು ಬಡಿಯಬೇಕು, ಒಳಗೆ ಹೋಗುವ ಹಾಗಿಲ್ಲ, ಊಟ ಕೊನೆಯ ಪಂಕ್ತಿಗೂ ಆಚೆ. ತಮ್ಮ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಹಬ್ಬದ ಮಧ್ಯೆ ತಮಟೆ ಕೆಳಗಿಟ್ಟು ಮನೆಗೆ ಬಂದುಬಿಟ್ಟ. ಯಾರು ಏನಂದರು ಅಂತ ಇವತ್ತಿಗೂ ಹೇಳಿಲ್ಲ. ಆಮೇಲೆ ಅವನು ತಮಟೆ ಹೆಗಲಿಗೆ ಹಾಕಲಿಲ್ಲ, ಶಾಲೆಗೂ ಸರಿಯಾಗಿ ಹೋಗಲಿಲ್ಲ.

ಅಷ್ಟರಲ್ಲಿ ತಮಟೆಯ ಕರೆಯೂ ಕಡಿಮೆಯಾಯಿತು. ಗಣಪತಿ ಬಿಡುವುದಕ್ಕೆ, ಮದುವೆ ಮೆರವಣಿಗೆಗೆ ಡಿಜೆ ಗಾಡಿ ಬಂತು. ಲಾರಿ ತುಂಬ ಸ್ಪೀಕರು, ಕೆಂಪು ನೀಲಿ ಲೈಟು. ಎಂಟು ಜನ ತಮಟೆಯವರಿಗೆ ಕೊಡುವ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಡಿಜೆ ಬರುತ್ತದೆ ಅಂತ ಹುಡುಗರು ಲೆಕ್ಕ ಹಾಕಿದರು. 2023ರಲ್ಲಿ ಚಿಕ್ಕಬಳ್ಳಾಪುರ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ಡೆಸ್ಕಿನಲ್ಲಿ ಖುಷಿಯಾಗಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ‘ಒಳ್ಳೇದಾಯ್ತು ಕಣಪ್ಪ. ಈ ವರ್ಷ ನಮಗೆ ಮೂರು ಮದುವೆ ಬಂದವೆ ಅಷ್ಟೇಯ’ ಅಂದ.

ತಮ್ಮ ಮಾತ್ರ ಬಡಿಯುವುದನ್ನು ಬಿಟ್ಟಿರಲಿಲ್ಲ. ಹುಣಸೂರು ಕಡೆಯ ಒಂದು ಆರ್ಕೆಸ್ಟ್ರಾದಲ್ಲಿ ವೈರು ಸುತ್ತುವ ಕೆಲಸಕ್ಕೆ ಸೇರಿದವನು ಎರಡು ವರ್ಷದಲ್ಲಿ ರಿದಮ್ ಪ್ಯಾಡಿನ ಮುಂದೆ ನಿಂತಿದ್ದ. ರೋಲ್ಯಾಂಡ್ ಎಸ್‌ಪಿಡಿ-20 ಅಂತ ಒಂದು ಕರಿ ಪೆಟ್ಟಿಗೆ ಇದೆಯಲ್ಲ, ಎಂಟು ರಬ್ಬರ್ ಚೌಕ ಇರುವುದು. ನಮ್ಮ ಕಡೆಯ ಯಾವ ಆರ್ಕೆಸ್ಟ್ರಾಗೆ ಹೋದರೂ ಅದು ಕಾಣುತ್ತದೆ. ಆದರೆ ಪೆಟ್ಟಿಗೆ ಮಾಲೀಕರದು, ಇವನಿಗೆ ರಾತ್ರಿ ಕೂಲಿ. ಇವನಿಗೆ ಸ್ವಂತದ್ದು ಬೇಕಿತ್ತು. ಅದೂ ಅದೇ ಪೆಟ್ಟಿಗೆಯಲ್ಲ. ‘ಅದರೊಳಗೆ ಕಂಪನಿಯವರು ಇಟ್ಟಿರೋ ಸೌಂಡೇ ಬರೋದು ಅಣ್ಣ. ನನಗೆ ಅಪ್ಪನ ಏಟು ಬೇಕು. ಅದನ್ನ ರೆಕಾರ್ಡ್ ಮಾಡಿ, ಕೆಳಗೊಂದು ಬೇಸ್ ಬಿಟ್ಟು, ನಾನೇ ಬಾರಿಸಬೇಕು.’ ಸ್ವಂತ ಶಬ್ದ ತುಂಬಿಸಬಹುದಾದ ಎಸ್‌ಪಿಡಿ-ಎಸ್‌ಎಕ್ಸ್ ಅಂತ ಅದರ ಅಣ್ಣ ಒಂದಿದೆ. ಅದರ ಬೆಲೆ ನೋಡಿ ನಾವಿಬ್ಬರೂ ಆ ಮಾತು ಬಿಟ್ಟೆವು.

ಒಂದು ಸೋಮವಾರ ಕೋಟೆ ಬಸ್ಸು ಹತ್ತಿ ಬಂದ. ಇಬ್ಬರೂ ಮೈಸೂರಿನ ಒಂದು ವಾದ್ಯದ ಅಂಗಡಿಗೆ ಹೋದೆವು. ಅಂಗಡಿಯವರು ಮೊದಲು ಕೇಳಿದ ಪ್ರಶ್ನೆ: ‘ಡಿಜೆಗಾ, ಪ್ರೊಡಕ್ಷನ್ನಿಗಾ?’ ನಾವು ಮುಖ ಮುಖ ನೋಡಿಕೊಂಡೆವು. ಈಗ ಯೋಚಿಸಿದರೆ ಅವರು ಕೇಳಿದ್ದೇ ಸರಿಯಾದ ಪ್ರಶ್ನೆ, ಪದ ಮಾತ್ರ ನಮಗೆ ಗೊತ್ತಿರಲಿಲ್ಲ. ಎರಡು ಬೇರೆ ಬೇರೆ ಸಾಮಾನು ಒಂದೇ ಗಾಜಿನ ಕಪಾಟಿನಲ್ಲಿ ಕೂತಿರುತ್ತವೆ, ಎರಡಕ್ಕೂ ಕಂಟ್ರೋಲರ್ ಅಂತಲೇ ಹೆಸರು.

ಒಂದು ಡಿಜೆ ಕಂಟ್ರೋಲರ್. ಎರಡು ಚಕ್ರ, ಮಧ್ಯದಲ್ಲಿ ಮಿಕ್ಸರ್. ಈಗಾಗಲೇ ಯಾರೋ ಮಾಡಿಟ್ಟ ಎರಡು ಹಾಡುಗಳನ್ನು ಒಂದರೊಳಗೆ ಒಂದು ಸೇರಿಸುವುದಕ್ಕೆ. ಪಯನೀರ್ ಡಿಡಿಜೆ-ಎಫ್‌ಎಲ್‌ಎಕ್ಸ್4 ಅನ್ನುವುದನ್ನು ತಮ್ಮ ಮುಟ್ಟಿ ಮುಟ್ಟಿ ನೋಡಿದ. ಶುರು ಮಾಡುವವರಿಗೆ ಒಳ್ಳೆಯ ಯಂತ್ರವೇ, ರೆಕಾರ್ಡ್‌ಬಾಕ್ಸ್, ಸೆರಾಟೊ ಎರಡರಲ್ಲೂ ನಡೆಯುತ್ತದೆ. ನಮ್ಮ 20 ಸಾವಿರಕ್ಕೆ ಎಟುಕದು ಅನ್ನುವುದು ಬೇರೆ ಮಾತು. ಹಾಡು ಹಾಕುವುದೇ ನಿಮ್ಮ ಕೆಲಸವಾದರೆ ಆ ಸಾಲಿನಲ್ಲಿ ಯಾವುದಾದರೂ ಚಿಕ್ಕದನ್ನು ತಗೊಳ್ಳಿ, ಮಿಕ್ಸ್ ಅನ್ನುವ ಸಾಫ್ಟ್‌ವೇರ್ ಪೂರ್ತಿ ಉಚಿತ, ಅದರಲ್ಲಿ ಕಲಿಯಿರಿ. ಇನ್ನೊಂದು ಮಿಡಿ ಕಂಟ್ರೋಲರ್. ಕೀಲಿಮಣೆ ಇಲ್ಲವೇ ಪ್ಯಾಡು ಇರುತ್ತದೆ, ಶಬ್ದವನ್ನು ನೀವೇ ಕಟ್ಟಬೇಕು.

‘ವೇದಿಕೆ ಮೇಲೆ ನಿನ್ನ ಕೈ ಏನು ಮಾಡ್ತಿರಬೇಕು?’ ಅಂತ ತಮ್ಮನನ್ನು ಕೇಳಿದೆ. ‘ಬಡೀತಿರಬೇಕು’ ಅಂದ. ಚಕ್ರದ ಆಸೆ ಅಲ್ಲಿಗೆ ಮುಗಿಯಿತು. ಅವತ್ತು ಏನೂ ಕೊಳ್ಳದೆ ಬಂದೆವು. ಅಂಗಡಿಯವರು ಬೇಜಾರು ಮಾಡಿಕೊಳ್ಳಲಿಲ್ಲ, ಒಂದು ಕ್ಯಾಟಲಾಗು ಕೊಟ್ಟು ಕಳಿಸಿದರು.

ಮುಂದಿನ ಎರಡು ವಾರ ರಾತ್ರಿ ಪುಟ ಮುಗಿಸಿದ ಮೇಲೆ ನಾನು ಇದನ್ನೇ ಓದಿದೆ. ಮೊದಲು ತಲೆಗೆ ಹೋಗಬೇಕಾದ್ದು ಇಷ್ಟು: ಮಿಡಿ ಕಂಟ್ರೋಲರಿನಿಂದ ಶಬ್ದ ಬರುವುದಿಲ್ಲ. ಅದು ಚೀಟಿ ಕಳಿಸುವ ಪೆಟ್ಟಿಗೆ. ಇಂಥ ಪ್ಯಾಡನ್ನು ಇಷ್ಟು ಜೋರಾಗಿ ಹೊಡೆದರು ಅಂತ ಕಂಪ್ಯೂಟರಿಗೆ ಒಂದು ಚೀಟಿ, ಕೈ ತೆಗೆದಾಗ ಇನ್ನೊಂದು. ಜೋರನ್ನು 0ಯಿಂದ 127ರವರೆಗಿನ ಅಂಕಿಯಲ್ಲಿ ಬರೆಯುತ್ತದೆ. ಈ ಚೀಟಿಯ ಭಾಷೆಯೇ ಮಿಡಿ. 1983ರಲ್ಲಿ ಬೇರೆ ಬೇರೆ ಕಂಪನಿಯ ಯಂತ್ರಗಳು ಒಂದರ ಮಾತು ಒಂದಕ್ಕೆ ತಿಳಿಯಲಿ ಅಂತ ಒಪ್ಪಿಕೊಂಡದ್ದು, ಇವತ್ತಿಗೂ ಹೆಚ್ಚು ಕಡಿಮೆ ಹಾಗೇ ಇದೆ. ಚೀಟಿ ಓದಿ ಶಬ್ದ ಮಾಡುವುದು ಸಾಫ್ಟ್‌ವೇರ್. ಆಮೇಲೆ ಪೆಟ್ಟಿಗೆ ಮನೆಗೆ ಬಂದಾಗ ಅವ್ವ ಒಂದು ಪ್ಯಾಡು ಒತ್ತಿ, ಕಿವಿ ಹತ್ತಿರ ತಂದು, ‘ಇದ್ಯಾಕ್ಲಾ ಉಸಿರೇ ಬಿಡ್ತಿಲ್ಲ, ಕೆಟ್ಟೋಗಿರೋದು ಕೊಟ್ಬುಟ್ಟವ್ರೆ’ ಅಂತ ಗಾಬರಿಯಾದಳು. ಅವಳ ಗಾಬರಿ ನ್ಯಾಯವೇ. ಪ್ಯಾಡಿಗೆ ಕೊಡುವ ದುಡ್ಡಿನಷ್ಟೇ ಅದರ ಹಿಂದಿನ ಕಂಪ್ಯೂಟರಿಗೂ ತಂತಿಗೂ ಎತ್ತಿಡಬೇಕು ಅನ್ನುವುದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಕೀಲಿಮಣೆಯಾ ಪ್ಯಾಡಾ ಅನ್ನುವುದರಲ್ಲಿ ನಮಗೆ ಗೊಂದಲವಿರಲಿಲ್ಲ. ಹಾಡು ಕಟ್ಟುವ ಹುಡುಗರು ಸಾಮಾನ್ಯವಾಗಿ ಅಕಾಯ್ ಎಂಪಿಕೆ ಮಿನಿಯಿಂದ ಶುರು ಮಾಡುತ್ತಾರೆ. 25 ಕೀ, 8 ಪ್ಯಾಡು, 8 ತಿರುಗುಣಿ, ಬ್ಯಾಗಿಗೆ ಹಿಡಿಯುತ್ತದೆ. ಸ್ವರ ಬಾರಿಸುವವರಾದರೆ ಅದೇ ಸರಿ ಅಂತ ನಾನೂ ಹೇಳುತ್ತೇನೆ. ತಮ್ಮನಿಗೆ ಆಸೆ ಹುಟ್ಟಿಸಿದ್ದು ಮಾತ್ರ ನೊವೇಷನ್ ಲಾಂಚ್‌ಪ್ಯಾಡ್ ಮಿನಿ. ಎಂಟಕ್ಕೆಂಟು, 64 ಚೌಕ, ಒಂದೊಂದಕ್ಕೂ ಬಣ್ಣದ ದೀಪ. ವಿಡಿಯೋಗಳಲ್ಲಿ ಹಬ್ಬದ ಸೀರಿಯಲ್ ಸೆಟ್ಟಿನ ಹಾಗೆ ಹೊಳೆಯುತ್ತದೆ. ಆದರೆ ಆ ಚಿಕ್ಕ ಮಾದರಿಯ ಚೌಕಗಳಿಗೆ ಹೊಡೆತದ ಜೋರು ತಿಳಿಯುವುದಿಲ್ಲ. ಮೆಲ್ಲಗೆ ಮುಟ್ಟಿದರೂ ಗುದ್ದಿದರೂ ಒಂದೇ. ಕೂಡಿಸಿಟ್ಟ ತುಣುಕುಗಳನ್ನು ಎಬ್ಬಿಸುವುದಕ್ಕೆ ಅದು ಚೆನ್ನ, ಬಡಿಯುವುದಕ್ಕಲ್ಲ. ತಮಟೆಯಲ್ಲಿ ದಪ್ಪ ಗಿಡ್ಡ ಕೋಲಿನ ಏಟೊಂದು, ಉದ್ದ ಸಣ್ಣ ಕಡ್ಡಿಯ ಏಟೊಂದು. ಎರಡರ ನಡುವೆ ಜೋರು ಮೆಲು ಏರಿಳಿಯದಿದ್ದರೆ ಅದು ತಮಟೆಯೇ ಅಲ್ಲ, ತಗಡು. ಆದ್ದರಿಂದ 16 ದಪ್ಪ ರಬ್ಬರ್ ಪ್ಯಾಡು, 6 ತಿರುಗುಣಿಯ ಅಕಾಯ್ ಎಂಪಿಡಿ218 ಅಂತ ಗೊತ್ತು ಮಾಡಿದೆವು. ಬಳಸಿದ್ದು, ಒಬ್ಬ ಇಂಜಿನಿಯರಿಂಗ್ ಹುಡುಗನಿಂದ 6,500ಕ್ಕೆ. ಹದಿನಾರನ್ನೂ ಒಂದೊಂದಾಗಿ ಮೆಲ್ಲಗೆ, ಆಮೇಲೆ ಜೋರಾಗಿ ಒತ್ತಿ, ಪರದೆಯಲ್ಲಿ ಅಂಕಿ ಬದಲಾಗುತ್ತದಾ ಅಂತ ನೋಡಿಯೇ ದುಡ್ಡು ಕೊಟ್ಟೆವು. ಆದರೂ ಮೂಲೆಯದೊಂದು ಸ್ವಲ್ಪ ಮಂದ.

ಇಂಥ ಪೆಟ್ಟಿಗೆಗಳ ಜೊತೆ ಏಬಲ್‌ಟನ್ ಲೈವ್ ಲೈಟ್ ಅನ್ನುವ ಸಾಫ್ಟ್‌ವೇರಿನ ಪರವಾನಗಿ ಸಿಗುವುದುಂಟು. ಹಳೆಯದನ್ನು ಕೊಳ್ಳುವವರು ಆ ಸಂಖ್ಯೆ ಬಳಸಿದ್ದಾರಾ ಇಲ್ಲವಾ ಕೇಳಿ. ನಮ್ಮ ಪುಣ್ಯಕ್ಕೆ ಆ ಹುಡುಗ ಡಬ್ಬಿಯ ಚೀಟಿ ತೆರೆದೇ ಇರಲಿಲ್ಲ.

ಸಾಫ್ಟ್‌ವೇರ್ ವಿಷಯದಲ್ಲಿ ನಾಚಿಕೆಯ ಒಂದು ಮಾತಿದೆ. ತಮ್ಮನ ಗೆಳೆಯರ ಹತ್ತಿರ ಒಂದು ಪೆನ್‌ಡ್ರೈವ್ ಇತ್ತು, ಅದರಲ್ಲಿ ಎಲ್ಲ ಸಾಫ್ಟ್‌ವೇರೂ ಕ್ರ್ಯಾಕ್ ಆಗಿದ್ದದ್ದು. ಹಾಸ್ಟೆಲಿನಲ್ಲಿ ನಾನೂ ಹಾಗೇ ಬಳಸಿದವನೇ, ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಹಾಕಿದ ಮೂರನೇ ದಿನಕ್ಕೆ ಲ್ಯಾಪ್‌ಟಾಪಿನ ಕಡತಗಳೆಲ್ಲ ಹೆಸರು ಬದಲಿಸಿಕೊಂಡು ಕೂತವು. ನನಗೆ ಡಿಗ್ರಿ ಕಾಲೇಜಿನಲ್ಲಿ ಸರ್ಕಾರ ಕೊಟ್ಟ ಲ್ಯಾಪ್‌ಟಾಪ್ ಅದು. ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸಿ, 1,600 ಕೊಟ್ಟು ಇನ್ನೊಂದು 4 ಜಿಬಿ ರ‍್ಯಾಮ್ ಸೇರಿಸಿದೆವು.

ಎಫ್ಎಲ್ ಸ್ಟುಡಿಯೋವನ್ನು ನಮ್ಮ ಕಡೆ ಹುಡುಗರೆಲ್ಲ ಬಳಸುತ್ತಾರೆ. ತಾಳ ಕಟ್ಟುವುದಕ್ಕೆ ಅದಕ್ಕಿಂತ ಸುಲಭದ್ದು ನಾನು ನೋಡಿಲ್ಲ, ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳು ಜೀವಮಾನ ಪೂರ್ತಿ ಉಚಿತ. ಕೊಳ್ಳದೆ ಪರೀಕ್ಷೆಗೆ ಬಳಸಿದರೆ ಉಳಿಸಿದ ಕೆಲಸವನ್ನು ಮತ್ತೆ ತೆರೆಯಲಾಗದು, ಅಷ್ಟು ಗೊತ್ತಿರಲಿ. ನಾವು ವೇದಿಕೆಗೆ ಲೈವ್ ಆರಿಸಿದ್ದಕ್ಕೆ ಕಾರಣ ಅದರ ಸೆಷನ್ ವ್ಯೂ. ಹಾಡು ಎಡದಿಂದ ಬಲಕ್ಕೆ ಓಡಿ ಮುಗಿಯುವುದಿಲ್ಲ. ಮನೆಗಳ ಹಾಗೆ ಚೌಕಗಳಿರುತ್ತವೆ, ಒಂದೊಂದರಲ್ಲಿ ಒಂದೊಂದು ತುಣುಕು. ಯಾವುದನ್ನು ಯಾವಾಗ ಒತ್ತಿದರೂ ಅದು ತಾಳದ ಆವರ್ತನ ಮುಗಿಯುವವರೆಗೆ ಕಾದು ಆಮೇಲೆ ಶುರುವಾಗುತ್ತದೆ. ಜನ ಕುಣಿಯುತ್ತಿದ್ದರೆ ಇನ್ನೂ ನಾಲ್ಕು ಸುತ್ತು ಎಳೆಯಬಹುದು, ಸುಸ್ತಾಗಿದ್ದರೆ ಮುಂದಿನದಕ್ಕೆ ಹೋಗಬಹುದು. ಲೈಟ್ ಆವೃತ್ತಿಯಲ್ಲಿ 8 ಟ್ರ್ಯಾಕ್ ಮಾತ್ರ. ನಮಗೆ ಐದು ಸಾಕಾಯಿತು. ಪರವಾನಗಿ ಇಲ್ಲದವರಿಗೆ ಅಕಾಯ್‌ನವರ ಎಂಪಿಸಿ ಬೀಟ್ಸ್ ಉಚಿತವಾಗಿ ಸಿಗುತ್ತದೆ, ಪ್ಯಾಡು ಬಾರಿಸುವವರಿಗೆ ಕೆಟ್ಟದ್ದೇನಲ್ಲ.

ನಿಜವಾದ ತೊಂದರೆ ಶುರುವಾಗಿದ್ದು ಅಪ್ಪನಿಂದ.

ರೆಕಾರ್ಡಿಂಗಿಗೆ ಅಪ್ಪ ಮೊದಲು ಒಪ್ಪಲಿಲ್ಲ. ‘ಮುಟ್ಟಲ್ಲ ಅಂತ ಎಸೆದೋನು ಈಗ ಯಾಕ್ಲಾ ಬಂದೆ’ ಅಂದ. ಅವ್ವ ಏನು ಹೇಳಿದಳೋ, ಒಂದು ಭಾನುವಾರ ಬೆಳಿಗ್ಗೆ ತಾನೇ ಹುಲ್ಲು ತಂದು ಬೆಂಕಿ ಹಾಕಿ ತಮಟೆ ಕಾಯಿಸತೊಡಗಿದ. ಹತ್ತಿ ಹೊಲದ ಬದುವಿನಲ್ಲಿ ಮೊಬೈಲು ಕಲ್ಲಿನ ಮೇಲಿಟ್ಟು ರೆಕಾರ್ಡ್ ಮಾಡಿದೆವು. ಮನೆಯೊಳಗೆ ಗೋಡೆಗೆ ಬಡಿದು ದನಿ ತಿರುಗಿ ಬರುತ್ತದೆ, ಬಯಲಲ್ಲಿ ಆ ಕಾಟವಿಲ್ಲ. ಗಾಳಿ ಮತ್ತು ನವಿಲಿನ ಕಾಟ ಇತ್ತು. ಚರ್ಮ ಬಿಸಿಯಿರುವಾಗ ದನಿ ಟಣ್ ಅನ್ನುತ್ತದೆ, ಆರುತ್ತ ಆರುತ್ತ ಇಳಿಯುತ್ತದೆ. ಆದ್ದರಿಂದ ಒಂದೇ ಕಾವಿನಲ್ಲಿ ಎಲ್ಲ ಏಟೂ ಹಿಡಿಯಬೇಕು. ನಡುವಿನ ಏಟು, ಅಂಚಿನ ಏಟು, ಕಡ್ಡಿಯ ಏಟು, ಕೈ ಒತ್ತಿ ಮುಚ್ಚಿದ ಏಟು, ಪ್ರತಿಯೊಂದೂ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ. ಕೊನೆಗೆ ಅಪ್ಪ ಕೇಳದೆಯೇ ಹತ್ತು ನಿಮಿಷ ಬಿಡದೆ ಬಾರಿಸಿದ. ತಮ್ಮ ಅದನ್ನೂ ಉಳಿಸಿಕೊಂಡ.

ಆ ಹತ್ತು ನಿಮಿಷದ ಬಾರಿಕೆಯಿಂದ ಒಂದು ತುಣುಕು ಕತ್ತರಿಸಿ, ಲೈವ್‌ನಲ್ಲಿ ಹಾಕಿ, ಏಟುಗಳನ್ನೆಲ್ಲ ಗೆರೆಗೆ ಸರಿಯಾಗಿ ಕೂರಿಸಿ ರಾತ್ರಿ ಅಪ್ಪನಿಗೆ ಕೇಳಿಸಿದ. ಅಪ್ಪ ಬೀಡಿ ಆರಿಸಿ ಕೇಳಿದ. ‘ಇದು ನಾನಲ್ಲ ಕಣ್ಲಾ. ಕುಂಟ್ತದೆ’ ಅಂದ.

ಯಂತ್ರ ಗೆರೆ ಎಳೆದ ಹಾಗೆ ನುಡಿಸುವುದೇ ಕುಂಟುವುದಂತೆ! ನಾವು ನಕ್ಕೆವು. ಆಮೇಲೆ ಗೆರೆಗಳನ್ನು ಹಿಗ್ಗಿಸಿ ನೋಡಿದಾಗ ತಿಳಿಯಿತು. ಲೈವ್ ತೆರೆದರೆ ನಿಮಿಷಕ್ಕೆ 120ರ ವೇಗ, ನಾಲ್ಕರ ಲೆಕ್ಕ ಅಂತ ತಾನೇ ಕೊಡುತ್ತದೆ. ಅಪ್ಪನ ಬಾರಿಕೆ ಮೂರು ಮೂರರ ನಡೆಯದು. ನಾವು ಮೂರರ ಏಟನ್ನು ನಾಲ್ಕರ ಗೆರೆಗೆ ಎಳೆದು ಕೂರಿಸಿದ್ದೆವು. ಅದೂ ಅಲ್ಲದೆ ಅವನ ಎರಡನೇ ಏಟು ಯಾವಾಗಲೂ ಕೂದಲೆಳೆಯಷ್ಟು ತಡ, ಬೇಕೆಂದೇ ತಡ. ಮತ್ತು ಅವನು ಒಂದೇ ವೇಗದಲ್ಲಿ ನಿಲ್ಲುವುದಿಲ್ಲ, ಕುಣಿಯುವವರಿಗೆ ಮೈ ಬಿಸಿಯಾದ ಹಾಗೆ ತಾನೂ ಏರುತ್ತಾನೆ. ಹತ್ತು ನಿಮಿಷದ ಆರಂಭ 105ರ ಹತ್ತಿರ, ಕೊನೆ 130 ದಾಟಿತ್ತು.

ಅವತ್ತಿನಿಂದ ತಮ್ಮ ತಮಟೆಯ ತುಣುಕು ಓಡಿಸುವುದನ್ನೇ ಬಿಟ್ಟ. ತಮಟೆ ಪೂರ್ತಿ ಪ್ಯಾಡಿನ ಮೇಲೆ ಕೈಯಲ್ಲಿ, ಏಟೇಟೂ. ಗೆರೆಗೆ ಕೂರಿಸುವುದಿಲ್ಲ. ಕಂಪ್ಯೂಟರಿಗೆ ಬಿಟ್ಟದ್ದು ಬೇಸ್ ಮತ್ತು ಹಿಂದಿನ ಒಂದೆರಡು ದನಿ ಮಾತ್ರ. ಒಂದು ತಿರುಗುಣಿಯನ್ನು ವೇಗಕ್ಕೆ ಜೋಡಿಸಿದೆವು. ಮೊದಲ ದಿನ ಅದನ್ನು ಚೂರು ತಿರುಗಿಸಿದರೆ ಸಾಕು, ಬೇಸು ಹುಚ್ಚು ನಾಯಿಯ ಹಾಗೆ ಓಡುತ್ತಿತ್ತು. ಆ ಸಾಫ್ಟ್‌ವೇರಿನಲ್ಲಿ ವೇಗ 20ರಿಂದ 999ರವರೆಗೆ ಇದೆ, ಅಷ್ಟೂ ಒಂದು ಸುತ್ತಿನೊಳಗೆ ತುಂಬಿಕೊಂಡಿತ್ತು. ಮಿಡಿ ಮ್ಯಾಪಿನಲ್ಲಿ ಕನಿಷ್ಠ 100, ಗರಿಷ್ಠ 140 ಅಂತ ಬರೆದ ಮೇಲೆ ಹದಕ್ಕೆ ಬಂತು. ಇದನ್ನು ಕಂಡುಹಿಡಿಯಲು ನಮಗೆ ಹನ್ನೊಂದು ದಿನ ಬೇಕಾಯಿತು, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಇನ್ನೊಂದು ಕಾಟ ತಡ. ಪ್ಯಾಡು ಒತ್ತಿದ ಮೇಲೆ ಶಬ್ದ ಬರುವುದು ಹಿಂದೆ ಬೀಳುತ್ತಿತ್ತು. ಕಂಪ್ಯೂಟರು ಶಬ್ದವನ್ನು ಬೊಗಸೆ ಬೊಗಸೆಯಾಗಿ ಕೊಡುತ್ತದೆ. ಸೆಕೆಂಡಿಗೆ 44,100 ಹನಿ, 1024 ಹನಿಯ ಬೊಗಸೆಯಾದರೆ ತುಂಬುವುದಕ್ಕೇ ಸುಮಾರು 23 ಮಿಲಿಸೆಕೆಂಡು. ಅಷ್ಟರಲ್ಲಿ ಗಾಳಿಯಲ್ಲಿ ದನಿ ಎಂಟು ಮೀಟರ್ ಹೋಗಿರುತ್ತದೆ. ಅಂದರೆ ನಿಮ್ಮ ತಮಟೆ ನಿಮ್ಮ ಎದೆಯ ಮೇಲಿಲ್ಲ, ಎಂಟು ಮೀಟರ್ ಆಚೆ ಇನ್ನೊಬ್ಬನ ಹೆಗಲಲ್ಲಿದೆ. ಎಎಸ್ಐಒ4ಆಲ್ ಅನ್ನುವ ಉಚಿತ ಡ್ರೈವರ್ ಹಾಕಿ ಬೊಗಸೆ ಚಿಕ್ಕದು ಮಾಡಿದೆವು, ತೀರ ಚಿಕ್ಕದಾದಾಗ ಹಳೆ ಲ್ಯಾಪ್‌ಟಾಪು ಪಟಪಟ ಅಂತ ಸಿಡಿಯಿತು. ಕೊನೆಗೆ 5,500ಕ್ಕೆ ಒಂದು ಬಳಸಿದ ಆಡಿಯೋ ಇಂಟರ್‌ಫೇಸ್ ತಂದ ಮೇಲೆ 256ರಲ್ಲಿ ನಿಂತಿತು. ಈಗ ತಮಟೆ ಎರಡು ಮೀಟರ್ ದೂರದಲ್ಲಿದೆ. ಬ್ಲೂಟೂತ್ ಸ್ಪೀಕರಿನಲ್ಲಿ ಅಭ್ಯಾಸ ಮಾಡುವ ಹುಡುಗರಿದ್ದಾರೆ, ಅವರು ಪಕ್ಕದೂರಿನ ತಮಟೆ ಬಾರಿಸುತ್ತಿದ್ದಾರೆ ಅಂತಲೇ ಲೆಕ್ಕ.

ಈ ಎಂಟು ಮೀಟರಿನ ಲೆಕ್ಕ ಅಪ್ಪನಿಗೆ ಹೇಳಿದಾಗ ಅವನಿಗೆ ಅದು ಹೊಸದಾಗಿರಲಿಲ್ಲ. ಮೆರವಣಿಗೆಯಲ್ಲಿ ಸಾಲು ಉದ್ದವಾದರೆ ಹಿಂದಿನವನ ಏಟು ತಡವಾಗಿ ಕೇಳುತ್ತದಂತೆ. ‘ಕಿವಿ ನಂಬಬಾರ್ದು. ಕುಣಿಯೋನ ಕಾಲು ನೋಡ್ಕೊಂಡು ಹೊಡೀಬೇಕು’ ಅಂದ. ತಮ್ಮ ಲ್ಯಾಪ್‌ಟಾಪಿನ ಪರದೆಯಿಂದ ತಲೆ ಎತ್ತಲು ಕಲಿತದ್ದು ಆ ಮಾತಿನಿಂದ.

ಈ ಓದಿನ ನಡುವೆ ನನಗೆ ಸಿಕ್ಕ ಒಬ್ಬರ ಕಥೆ ಹೇಳಬೇಕು. ಚರಣಜಿತ್ ಸಿಂಗ್ ಅಂತ, ಮುಂಬೈ ಸಿನಿಮಾ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದವರು, ಮದುವೆಗಳಿಗೂ ನುಡಿಸಲು ಹೋಗುತ್ತಿದ್ದವರು. 1982ರಲ್ಲಿ ರೋಲ್ಯಾಂಡಿನ ಮೂರು ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ಒಂದು ರೆಕಾರ್ಡ್ ಮಾಡಿದರು. ಆಗ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಅದು ಮತ್ತೆ ಹೊರಬಂದಾಗ, ಪರದೇಶದವರು ಆಮೇಲೆ ಆಸಿಡ್ ಹೌಸ್ ಅಂತ ಹೆಸರಿಟ್ಟ ಸಂಗೀತದ ದನಿಯೇ ಇದರಲ್ಲಿ ಮೊದಲೇ ಇದೆಯಲ್ಲ ಅಂತ ಜಗತ್ತೆಲ್ಲ ಬೆರಗಾಯಿತು. ತಮ್ಮನಿಗೆ ಕೇಳಿಸಿದೆ. ಹದಿನೈದು ನಿಮಿಷ ಕೇಳಿ, ‘ಮದುವೆಯೋರು ದುಡ್ಡು ಕೊಡ್ತಿದ್ರಾ ಇದಕ್ಕೆ?’ ಅಂತ ಕೇಳಿದ.

ಮೊದಲ ಪ್ರದರ್ಶನ ಏಪ್ರಿಲ್ 14, ಪಕ್ಕದೂರಿನ ಅಂಬೇಡ್ಕರ್ ಜಯಂತಿ. ಜನರೇಟರ್ ಕರೆಂಟು. ಚಾರ್ಜರ್ ಸಿಕ್ಕಿಸಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಅಂತ ದೊಡ್ಡ ದನಿ. ಚಾರ್ಜರ್ ಕಿತ್ತರೆ ದನಿ ಹೋಗುತ್ತಿತ್ತು, ಹಳೆ ಬ್ಯಾಟರಿ ಬರುವುದು ನಲವತ್ತು ನಿಮಿಷ. ನಲವತ್ತು ನಿಮಿಷಕ್ಕೇ ಮುಗಿಸಿದ. ಮುಂದಿನ ವಾರ ಒಂದು ಡಿಐ ಬಾಕ್ಸ್ ತಂದೆವು. ಅದು, ತಂತಿಗಳು ಸೇರಿ 2,400, ಹೆಡ್‌ಫೋನಿಗೆ 1,800. ಎಲ್ಲ ಕೂಡಿ 17,800. ಉಳಿದ 2,200ನ್ನು ಅವ್ವ ನಾಲ್ಕು ವಾರದ ಕಂತಿಗೆ ಅಂತ ವಾಪಸು ಇಸಿದುಕೊಂಡಳು. ವೈಫೈ ಆಫ್ ಮಾಡುವುದು, ವಿಂಡೋಸ್ ಅಪ್‌ಡೇಟ್ ನಿಲ್ಲಿಸುವುದು, ಪರದೆ ನಿದ್ದೆ ಹೋಗದಂತೆ ಮಾಡುವುದು, ಇವನ್ನು ತಮ್ಮ ಈಗ ಪೆಟ್ಟಿಗೆಯ ತಳದಲ್ಲಿ ಪೆನ್ನಿನಿಂದ ಬರೆದುಕೊಂಡಿದ್ದಾನೆ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು ಅನ್ನುವ 2000ದ ನಿಯಮವನ್ನೂ ಬರೆದುಕೊಂಡಿದ್ದಾನೆ. ಅದು ನಾನು ಹೇಳಿಕೊಟ್ಟದ್ದು, ಡೆಸ್ಕಿನ ಅಭ್ಯಾಸ.

ಗಣಪತಿ ಹಬ್ಬಕ್ಕೆ ನಮ್ಮೂರಿನ ಮೇಲಿನ ಬೀದಿಯ ಹುಡುಗರೇ ಕರೆದರು. ನಾನೂ ರಜೆ ಹಾಕಿ ಹೋಗಿದ್ದೆ. ಅದೇ ಗುಡಿಯ ಮುಂದಿನ ಬಯಲು. ತಮ್ಮನಿಗೆ ಮೇಜು ಹಾಕಿದರು, ಕುರ್ಚಿ ಕೊಟ್ಟರು, ‘ಟೀ ಕುಡಿ ಮಗ’ ಅಂತ ತಾವು ಕುಡಿಯುವ ಲೋಟದಲ್ಲೇ ಕೊಟ್ಟರು. ಅಪ್ಪ ಮೂವತ್ತು ವರ್ಷ ನಿಂತು ಬಡಿದ ಜಾಗ ಅಲ್ಲಿಂದ ಹತ್ತು ಹೆಜ್ಜೆ. ಸ್ಪೀಕರಿನಲ್ಲಿ ಬರುತ್ತಿದ್ದದ್ದು ಅಪ್ಪನದೇ ಏಟು. ತಮ್ಮ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ನಿಂತೇ ಬಾರಿಸಿದ. ಅದು ಅಭ್ಯಾಸಕ್ಕೋ ಬೇರೆ ಏನಕ್ಕೋ ನಾನು ಕೇಳಲಿಲ್ಲ. ಅಪ್ಪ ಬಂದಿರಲಿಲ್ಲ. ಮನೆಯ ಜಗುಲಿಗೇ ಕೇಳುತ್ತಿತ್ತು, ಬರುವ ಅಗತ್ಯವೂ ಇರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ, ‘ಎಷ್ಟು ಕೊಟ್ರು?’

‘ನಾಲ್ಕು ಸಾವಿರ.’

‘ಏಟು ನಂದು. ನನ್ನ ಪಾಲೆಷ್ಟು?’

ತಮ್ಮ ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. ‘ಮೇಳದಲ್ಲಿ ಒಬ್ಬರಿಗೆ ಎಷ್ಟು ಬರ್ತಿತ್ತು ಅಪ್ಪ?’ ಅಂದ. ಎಂಟುನೂರು ಅಂದ ಅಪ್ಪ. ತಮ್ಮ ಎಂಟುನೂರು ಎಣಿಸಿ ಕೊಟ್ಟ. ಅಪ್ಪ ಅದರಲ್ಲಿ 460 ತೆಗೆದು ಗುರುವಾರದ ಕಂತಿಗೆ ಅಂತ ಅವ್ವನ ಕೈಗೆ ಹಾಕಿ, ಮಿಕ್ಕಿದ್ದನ್ನು ಜೇಬಿಗಿಟ್ಟುಕೊಂಡು, ಆ ಮೂಲೆಯ ಮಂದ ಪ್ಯಾಡಿಗೆ ಕಡ್ಡಿಯ ಏಟು ಯಾಕಿಟ್ಟಿದ್ದೀಯ, ಬೇರೆ ಕಡೆ ಹಾಕು, ಅದು ಸರಿಯಾಗಿ ಕೇಳ್ತಿಲ್ಲ ಅಂದ.